ಪೆಟ್ರೋಲೋ, ವಿದ್ಯುತ್ತೋ?

ಹೊರನಾಡಿನಲ್ಲಿ ನೆಲೆನಿಂತ ಕನ್ನಡಿಗ ಗೃಹಸ್ಥನ ಬಾಳಿನಲ್ಲಿ ದೊಡ್ಡ ಖರ್ಚುಗಳು ಮೂರು: ಮನೆ, ಮಕ್ಕಳ ಮದುವೆ ಮತ್ತು ಕಾರು. ಮೊದಲೆರಡರ ವಿಷಯದಲ್ಲಿ ಬುದ್ಧಿ ಹೇಳುವುದಕ್ಕೆ ಹಿರಿಯರಿದ್ದಾರೆ. ಮೂರನೆಯದರಲ್ಲಿ ಮಾತ್ರ ಅವರ ಅನುಭವ ಈಗ ಸಾಲದಾಗಿದೆ. ಅವರ ಕಾಲದಲ್ಲಿ ಅಂಬಾಸಿಡರೋ ಪದ್ಮಿನಿಯೋ ಎಂಬುದಷ್ಟೇ ಪ್ರಶ್ನೆ. ಎರಡೂ ಹೋಗಿ ನಿಲ್ಲುತ್ತಿದ್ದುದು ಒಂದೇ ಪಂಪಿನ ಮುಂದೆ. ಇಂದಿನ ಪ್ರಶ್ನೆ ಬೇರೆ. ಕಾರು ಪಂಪಿನ ಮುಂದೆ ನಿಲ್ಲಬೇಕೋ, ಮನೆಯ ಗೋಡೆಯ ಪ್ಲಗ್ಗಿನ ಮುಂದೆ ನಿಲ್ಲಬೇಕೋ?

ಸಂಘದ ಸಭೆ ಮುಗಿದು ಕಾಫಿಯ ಲೋಟ ಕೈಗೆ ಬಂತೆಂದರೆ ಈ ಚರ್ಚೆ ಏಳುತ್ತದೆ. “ಪೆಟ್ರೋಲಿಗೆ ಹಾಕುವ ಹಣದಲ್ಲಿ ಇನ್ನೊಂದು ಸಂಸಾರ ಸಾಕಬಹುದು” ಎಂದು ಒಂದು ಪಕ್ಷ. “ಊರಿಗೆ ಹೋಗುವಾಗ ನಡುದಾರಿಯಲ್ಲಿ ಬ್ಯಾಟರಿ ಮುಗಿದರೆ ತಳ್ಳುವವರು ಯಾರು?” ಎಂದು ಇನ್ನೊಂದು ಪಕ್ಷ. ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಯಾವ ಮಾತು ಯಾವ ಮನೆಗೆ ಹೊಂದುತ್ತದೆ ಎಂಬುದನ್ನು ನಿಧಾನವಾಗಿ ಯೋಚಿಸಿ ನೋಡಬೇಕು.

ಹೊಸದೆಂಬುದು ಹಳೆಯದೇ

ವಿದ್ಯುತ್ ಕಾರು ನಿನ್ನೆ ಮೊನ್ನೆ ಹುಟ್ಟಿದ ಕೂಸೆಂದು ಅನೇಕರು ತಿಳಿದಿದ್ದಾರೆ. ಹಾಗೇನೂ ಇಲ್ಲ. ೧೮೯೯ರಲ್ಲಿ ಕಾಮಿಲ್ ಜೆನಾಟ್ಸಿ ಎಂಬ ಬೆಲ್ಜಿಯಂ ದೇಶದವನು ಮೊತ್ತಮೊದಲಿಗೆ ಗಂಟೆಗೆ ೧೦೦ ಕಿಲೋಮೀಟರಿನ ವೇಗವನ್ನು ದಾಟಿದ್ದು ವಿದ್ಯುತ್ ಗಾಡಿಯಲ್ಲಿ. ಪೆಟ್ರೋಲ್ ಕಾರಿನ ಅಗ್ಗದ ಯುಗವನ್ನು ತಂದ ಹೆನ್ರಿ ಫೋರ್ಡನ ಪತ್ನಿಯೇ ‘ಡೆಟ್ರಾಯಿಟ್ ಎಲೆಕ್ಟ್ರಿಕ್’ ಎಂಬ ವಿದ್ಯುತ್ ಕಾರನ್ನು ಓಡಿಸುತ್ತಿದ್ದಳು. ಆಗಿನ ಪೆಟ್ರೋಲ್ ಗಾಡಿಗಳನ್ನು ಹಿಡಿಕೆ ತಿರುವಿ ಎಬ್ಬಿಸಬೇಕಾಗಿತ್ತು; ಅದಕ್ಕೆ ತೋಳಿನ ಬಲ ಬೇಕು, ಕೈ ಮುರಿಯುವ ಭಯ ಬೇರೆ. ೧೯೧೨ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಸ್ವಯಂಚಾಲಿತ ಸ್ಟಾರ್ಟರ್ ಬಂದು ಆ ಕಷ್ಟ ತಪ್ಪಿತು. ಪೆಟ್ರೋಲೂ ಅಗ್ಗವಾಗಿತ್ತು. ವಿದ್ಯುತ್ ಗಾಡಿ ಮೂಲೆಗೆ ಸರಿಯಿತು.

ನಮ್ಮ ದೇಶದಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟವರಲ್ಲಿ ಬೆಂಗಳೂರಿನವರು ಮೊದಲಿಗರೆಂಬುದು ಕನ್ನಡಿಗರು ನೆನೆಯಬೇಕಾದ ಮಾತು. ಚೇತನ್ ಮೈನಿ ಅವರ ‘ರೇವಾ’ ೨೦೦೧ರಲ್ಲಿ ಅಲ್ಲಿಂದಲೇ ರಸ್ತೆಗಿಳಿಯಿತು. ಎರಡು ಬಾಗಿಲು, ಸೀಸದ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು ೮೦ ಕಿಲೋಮೀಟರಿನ ಓಟ. ಲಂಡನ್ ನಗರದಲ್ಲಿ ಅದು ‘ಜಿ-ವಿಜ್’ ಎಂಬ ಹೆಸರಿನಿಂದ ಓಡಾಡಿತು. ೨೦೧೦ರಲ್ಲಿ ಮಹೀಂದ್ರ ಕಂಪನಿ ಅದರ ಬಹುಪಾಲನ್ನು ಕೊಂಡಿತು. ೨೦೨೦ರಲ್ಲಿ ಟಾಟಾದವರ ನೆಕ್ಸಾನ್ ಇ.ವಿ. ಬಂದ ಮೇಲೆ ವಿದ್ಯುತ್ ಕಾರೆಂಬುದು ಮಧ್ಯಮ ವರ್ಗದವರ ಮಾತುಕತೆಯೊಳಗೆ ಬಂತು.

ಪೈಸೆ ಪೈಸೆಯ ಲೆಕ್ಕ

ಈಗ ಪೆನ್ಸಿಲು ಕಾಗದ ತೆಗೆದುಕೊಳ್ಳೋಣ. ೨೦೨೫ರಲ್ಲಿ ಮುಂಬಯಿಯಲ್ಲಿ ಪೆಟ್ರೋಲು ಲೀಟರಿಗೆ ೧೦೩ ರೂಪಾಯಿ ದಾಟಿತ್ತು; ದಿಲ್ಲಿಯಲ್ಲಿ ೯೫ರ ಒಳಗಿತ್ತು. ಲೆಕ್ಕಕ್ಕೆ ೧೦೪ ರೂಪಾಯಿ ಎಂದಿಟ್ಟುಕೊಳ್ಳಿ. ನಗರದ ಗದ್ದಲದಲ್ಲಿ ಸಾಧಾರಣ ಕಾರು ಲೀಟರಿಗೆ ೧೪ ಕಿಲೋಮೀಟರು ಓಡಿದರೆ, ಕಿಲೋಮೀಟರಿಗೆ ಸುಮಾರು ೭ ರೂಪಾಯಿ ೪೦ ಪೈಸೆ ಬೀಳುತ್ತದೆ. ಅದೇ ಅಳತೆಯ ವಿದ್ಯುತ್ ಕಾರು ಗೋಡೆಯಿಂದ ಎಳೆದ ಒಂದು ಯೂನಿಟ್ಟಿಗೆ ೭ ಕಿಲೋಮೀಟರು ಓಡುತ್ತದೆಂದೂ, ಮನೆಯಲ್ಲಿ ಯೂನಿಟ್ಟಿಗೆ ೧೦ ರೂಪಾಯಿ ಎಂದೂ ಹಿಡಿದರೆ, ಕಿಲೋಮೀಟರಿಗೆ ೧ ರೂಪಾಯಿ ೪೦ ಪೈಸೆ. ಅಂದರೆ ಪ್ರತಿ ಕಿಲೋಮೀಟರಿಗೆ ೬ ರೂಪಾಯಿ ಉಳಿತಾಯ.

ಇಷ್ಟು ಅಂತರವೇಕೆಂದರೆ, ಪೆಟ್ರೋಲ್ ಎಂಜಿನ್ನು ತಾನು ಸುಡುವ ಇಂಧನದ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಬರಿಯ ಶಾಖವಾಗಿ ಗಾಳಿಗೆ ಬಿಡುತ್ತದೆ. ವಿದ್ಯುತ್ ಮೋಟಾರು ಹೆಚ್ಚಿನ ಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ವೇಗ ತಗ್ಗಿಸುವಾಗಲೂ ಇಳಿಜಾರಿನಲ್ಲೂ ಒಂದಿಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ.

ಇನ್ನು ಕೊಳ್ಳುವ ಬೆಲೆ. ವಿದ್ಯುತ್ ಕಾರಿನ ಮೇಲೆ ೨೦೧೯ರ ಆಗಸ್ಟಿನಿಂದ ಜಿ.ಎಸ್.ಟಿ. ನೂರಕ್ಕೆ ೫ ಮಾತ್ರ. ಆದರೂ ಬ್ಯಾಟರಿಯ ದೆಸೆಯಿಂದ ಅದರ ಬೆಲೆ ಹೆಚ್ಚೇ. ೨೦೨೫ರ ಸೆಪ್ಟೆಂಬರ್ ೨೨ರಿಂದ ಚಿಕ್ಕ ಪೆಟ್ರೋಲ್ ಕಾರುಗಳ ಮೇಲಿನ ಜಿ.ಎಸ್.ಟಿ. ೨೮ರಿಂದ ೧೮ಕ್ಕೆ ಇಳಿದದ್ದರಿಂದ ಈ ಅಂತರ ಇನ್ನಷ್ಟು ಹಿಗ್ಗಿತು. ಮೂರು ಲಕ್ಷ ರೂಪಾಯಿಯ ಅಂತರವೆಂದು ಇಟ್ಟುಕೊಳ್ಳೋಣ. ಕಿಲೋಮೀಟರಿಗೆ ೬ ರೂಪಾಯಿಯಂತೆ ಅದು ಕೈಸೇರಬೇಕಾದರೆ ೫೦,೦೦೦ ಕಿಲೋಮೀಟರು ಓಡಬೇಕು.

ಠಾಣೆಯಿಂದ ಅಂಧೇರಿಗೋ, ಪಿಂಪ್ರಿಯಿಂದ ಹಡಪಸರಕ್ಕೋ ದಿನವೂ ಹೋಗಿ ಬರುವವರು ತಿಂಗಳಿಗೆ ೧,೦೦೦ ಕಿಲೋಮೀಟರು ಸುಲಭವಾಗಿ ಓಡಿಸುತ್ತಾರೆ. ಅವರಿಗೆ ವರ್ಷಕ್ಕೆ ೭೨,೦೦೦ ರೂಪಾಯಿ ಉಳಿಯುತ್ತದೆ. ನಾಲ್ಕು ವರ್ಷಕ್ಕೆ ತುಸು ಮೇಲೆ ಅಸಲು ಬಂತು. ಆದರೆ ಲೋಕಲ್ ರೈಲಿನಲ್ಲೋ ಮೆಟ್ರೋದಲ್ಲೋ ಕೆಲಸಕ್ಕೆ ಹೋಗಿ, ಕಾರನ್ನು ಭಾನುವಾರದ ದೇವಸ್ಥಾನಕ್ಕೂ ಸಂಘದ ಕಾರ್ಯಕ್ರಮಕ್ಕೂ ಮಾತ್ರ ಹೊರತೆಗೆಯುವ ಸಂಸಾರ ತಿಂಗಳಿಗೆ ೩೦೦ ಕಿಲೋಮೀಟರು ಓಡಿಸಿದರೆ ಹೆಚ್ಚು. ಅವರಿಗೆ ಉಳಿಯುವುದು ವರ್ಷಕ್ಕೆ ೨೧,೬೦೦ ರೂಪಾಯಿ. ಅದೇ ಮೂರು ಲಕ್ಷವನ್ನು ನೂರಕ್ಕೆ ಆರೂವರೆಯಂತೆ ಬ್ಯಾಂಕಿನಲ್ಲಿಟ್ಟರೆ ಬರುವ ಬಡ್ಡಿ ೧೯,೫೦೦! ಇಂಥ ಮನೆಯವರು ಉಳಿತಾಯಕ್ಕೆಂದು ವಿದ್ಯುತ್ ಕಾರು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಮೇಲಿನ ಅಂಕಿಗಳ ಜಾಗದಲ್ಲಿ ನಿಮ್ಮ ಊರಿನ ಪೆಟ್ರೋಲ್ ದರ, ನಿಮ್ಮ ಕರೆಂಟು ಬಿಲ್ಲಿನ ದರ, ನೀವು ನೋಡಿಟ್ಟ ಎರಡು ಕಾರುಗಳ ಬೆಲೆ ಇವನ್ನು ಹಾಕಿ ನೋಡಿರಿ. ಕಾಲು ಗಂಟೆಯ ಕೆಲಸ, ಲಕ್ಷಗಟ್ಟಲೆಯ ಪ್ರಶ್ನೆ.

ಇತರ ಖರ್ಚುಗಳೂ ಇವೆ. ವಿದ್ಯುತ್ ಕಾರಿಗೆ ಎಂಜಿನ್ ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಕ್ಲಚ್ ಸವೆಯುವ ಮಾತಿಲ್ಲ, ಸರ್ವಿಸಿಂಗ್ ಅಗ್ಗ. ಆದರೆ ಗಾಡಿ ಭಾರವಾದ್ದರಿಂದ ಟೈರು ಬೇಗ ಸವೆಯುತ್ತದೆ. ಥರ್ಡ್ ಪಾರ್ಟಿ ವಿಮೆಯಲ್ಲಿ ೨೦೨೨ರಿಂದ ನೂರಕ್ಕೆ ೧೫ ರಿಯಾಯಿತಿ ದೊರೆಯಿತು. ಸ್ವಂತ ಗಾಡಿಯ ನಷ್ಟದ ವಿಮೆ ಮಾತ್ರ ಕಾರಿನ ಬೆಲೆಗೆ ತಕ್ಕಂತೆ ಹೆಚ್ಚು. ಬ್ಯಾಟರಿಗೆ ಸಾಮಾನ್ಯವಾಗಿ ೮ ವರ್ಷ ಅಥವಾ ೧,೬೦,೦೦೦ ಕಿಲೋಮೀಟರಿನ ವಾರಂಟಿ ಇರುತ್ತದೆ. ಆಮೇಲೆ ಹೊಸದು ಹಾಕಿಸುವ ಪ್ರಸಂಗ ಬಂದರೆ ಲಕ್ಷಗಟ್ಟಲೆಯ ಖರ್ಚು. ಈ ಅಂಜಿಕೆಯಿಂದಲೇ ಹಳೆಯ ವಿದ್ಯುತ್ ಕಾರನ್ನು ಮಾರುವಾಗ ಬೆಲೆ ಬಹಳ ಬಿದ್ದುಹೋಗುತ್ತದೆ. ಐದಾರು ವರ್ಷಕ್ಕೊಮ್ಮೆ ಕಾರು ಬದಲಿಸುವವರು ಇದನ್ನು ಮರೆಯಬಾರದು.

೨೦೨೪ರಲ್ಲಿ ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಪದ್ಧತಿಯೂ ಬಂತು. ಕಾರಿನ ಬೆಲೆ ಕಡಿಮೆ ಕಾಣುತ್ತದೆ, ಸರಿ. ಆದರೆ ಆ ವರ್ಷ ಎಂ.ಜಿ. ವಿಂಡ್ಸರ್ ಕಾರಿಗೆ ಗೊತ್ತುಮಾಡಿದ ಬಾಡಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ. ಮೇಲೆ ಕಂಡ ಆರು ರೂಪಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಯಿತು!

ಮೊದಲು ಕೊಟ್ಟಿಗೆ, ಆಮೇಲೆ ಆಕಳು

ಆಕಳು ಕೊಳ್ಳುವ ಮುನ್ನ ಕೊಟ್ಟಿಗೆ ನೋಡಿಕೊಳ್ಳುವುದು ನಮ್ಮ ರೈತಾಪಿ ಬುದ್ಧಿ. ವಿದ್ಯುತ್ ಕಾರಿಗೂ ಅದೇ ನಿಯಮ. ಸ್ವಂತ ಬಂಗಲೆಯವರಿಗೆ ಇದು ಪ್ರಶ್ನೆಯೇ ಅಲ್ಲ. ನಮ್ಮಲ್ಲಿ ಹೆಚ್ಚಿನವರು ಹೌಸಿಂಗ್ ಸೊಸೈಟಿಯ ಫ್ಲಾಟುಗಳಲ್ಲಿರುವವರು. ಮನೆ ಏಳನೆಯ ಮಹಡಿಯಲ್ಲಿ, ಕಾರು ನೆಲಮಾಳಿಗೆಯಲ್ಲಿ, ಮೀಟರು ಇನ್ನೆಲ್ಲೋ.

ಮನೆಯಲ್ಲಿ ಚಾರ್ಜ್ ಮಾಡಲಾಗದೆ ದಿನವೂ ಹೊರಗಿನ ಚಾರ್ಜಿಂಗ್ ಕೇಂದ್ರವನ್ನೇ ನಂಬಿದರೆ ಯೂನಿಟ್ಟಿಗೆ ೨೨ ರೂಪಾಯಿ ಎಂದಾದರೂ ಹಿಡಿಯಬೇಕು. ಆಗ ಉಳಿತಾಯ ಆರರಿಂದ ನಾಲ್ಕು ರೂಪಾಯಿ ಚಿಲ್ಲರೆಗೆ ಇಳಿಯುತ್ತದೆ. ತಿಂಗಳಿಗೆ ೧,೦೦೦ ಕಿಲೋಮೀಟರು ಓಡಿಸುವವರಿಗೂ ಅಸಲು ಬರಲು ಆರು ವರ್ಷ ಹತ್ತಿರವಾಗುತ್ತದೆ. ಅಲ್ಲಿ ಕಾಯುವ ಹೊತ್ತಿಗೆ ಬೆಲೆ ಕಟ್ಟುವವರಾರು?

ಆದುದರಿಂದ ಮುಂಗಡ ಕೊಡುವ ಮೊದಲೇ ಸೊಸೈಟಿಯ ಕಾರ್ಯದರ್ಶಿಗೆ ಲಿಖಿತ ಅರ್ಜಿ ಕೊಡಿರಿ. ಮನೆ ಕಚೇರಿಗಳಲ್ಲಿ ಖಾಸಗಿಯಾಗಿ ಚಾರ್ಜ್ ಮಾಡಿಕೊಳ್ಳಲು ಕೇಂದ್ರದ ವಿದ್ಯುತ್ ಸಚಿವಾಲಯವು ೨೦೧೮ರ ಡಿಸೆಂಬರಿನ ಮಾರ್ಗಸೂಚಿಯಲ್ಲೇ ಅನುಮತಿಯಿತ್ತಿದೆ. ಆದರೂ ಕಮಿಟಿಯವರೊಡನೆ ಜಗಳಕ್ಕಿಂತ ಮಾತುಕತೆ ಲೇಸು. ಬಿಲ್ಲು ಯಾರ ಹೆಸರಿಗೆ, ತಂತಿ ಯಾವ ದಾರಿಯಲ್ಲಿ, ಕಟ್ಟಡಕ್ಕೆ ಮಂಜೂರಾದ ಲೋಡು ಸಾಲುತ್ತದೆಯೇ – ಈ ಮೂರಕ್ಕೆ ಉತ್ತರ ಸಿದ್ಧವಿದ್ದರೆ ಆಕ್ಷೇಪಣೆಗಳು ತಾವಾಗಿ ಕರಗುತ್ತವೆ. ಹದಿನೈದು ಆಂಪಿಯರಿನ ಪ್ಲಗ್ಗೊಂದಿದ್ದರೆ ಗಂಟೆಗೆ ಸುಮಾರು ಮೂರು ಯೂನಿಟ್ಟು ತುಂಬುತ್ತದೆ. ರಾತ್ರಿ ಹತ್ತಕ್ಕೆ ಹಚ್ಚಿದರೆ ಬೆಳಗಿನ ಕಾಫಿಯ ಹೊತ್ತಿಗೆ ಎರಡು ಮೂರು ದಿನದ ಓಡಾಟಕ್ಕೆ ಸಾಕು. ಕಿಟಕಿಯಿಂದ ಎಕ್ಸ್‌ಟೆನ್ಷನ್ ತಂತಿ ಇಳಿಬಿಡುವ ಸಾಹಸ ಮಾತ್ರ ಬೇಡ. ಅದು ಬೆಂಕಿಗೆ ಆಹ್ವಾನ.

ಮಳೆಗಾಲದ ಮಾತೂ ಇಲ್ಲಿಯೇ ಬರಲಿ. ಮುಂಬಯಿಯವರು ೨೦೦೫ರ ಜುಲೈ ೨೬ನ್ನೂ ಚೆನ್ನೈಯವರು ೨೦೧೫ರ ಡಿಸೆಂಬರನ್ನೂ ಮರೆತಿಲ್ಲ. ವಿದ್ಯುತ್ ಕಾರಿನ ಬ್ಯಾಟರಿಯನ್ನು ನೀರು ಹೊಗದಂತೆ ಮುಚ್ಚಿರುತ್ತಾರೆ. ರಸ್ತೆಯ ಮಳೆನೀರಿಗೆ ಅಂಜಬೇಕಿಲ್ಲ. ಆದರೆ ನೆಲಮಾಳಿಗೆಯಲ್ಲಿ ಮುಳುಗಿ ನಿಂತರೆ ಎರಡು ಜಾತಿಯ ಕಾರುಗಳಿಗೂ ಕೇಡೇ. ಮುಳುಗಿದ ವಿದ್ಯುತ್ ಕಾರನ್ನು ವರ್ಕ್‌ಶಾಪಿನವರು ನೋಡುವ ತನಕ ಚಾರ್ಜಿಗೆ ಹಾಕಲೇಕೂಡದು.

ಊರ ದಾರಿ

ಹೊರನಾಡಿನವರ ಮನಸ್ಸಿನಲ್ಲಿರುವ ನಿಜವಾದ ಅಳುಕು ಇದು: ವರ್ಷಕ್ಕೆ ಎರಡು ಸಲ ಊರಿಗೆ ಹೋಗುವುದು ಹೇಗೆ? ಕಂಪನಿಯವರು ಕಾಗದದ ಮೇಲೆ ಬರೆದ ದೂರದಲ್ಲಿ ಮುಕ್ಕಾಲು ಭಾಗ ಸಿಕ್ಕಿದರೆ ಪುಣ್ಯ. ಹೆದ್ದಾರಿಯ ವೇಗಕ್ಕೆ ಇನ್ನೂ ಕಡಿಮೆ. ಹೈದರಾಬಾದಿನಿಂದ ಕಲಬುರಗಿಗೆ ಇನ್ನೂರಿಪ್ಪತ್ತರ ಆಸುಪಾಸು. ದೊಡ್ಡ ಬ್ಯಾಟರಿಯ ಕಾರು ನಿಲ್ಲದೆ ಮುಟ್ಟಿಸೀತು. ಚೆನ್ನೈಯಿಂದ ಬೆಂಗಳೂರಿಗೆ ಮುನ್ನೂರೈವತ್ತು. ಒಂದು ನಿಲುಗಡೆ ಬೇಕು. ಮುಂಬಯಿಯಿಂದ ಹುಬ್ಬಳ್ಳಿಗೆ ಆರುನೂರಕ್ಕೆ ತುಸು ಕಡಿಮೆ. ಎರಡು ಮೂರು ಸಲ ನಿಲ್ಲಬೇಕು, ಸಲಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಅಜ್ಜಿ, ಮೊಮ್ಮಕ್ಕಳು ಜೊತೆಗಿದ್ದರೆ ತಿಂಡಿಗೂ ಊಟಕ್ಕೂ ಅಷ್ಟು ನಿಲ್ಲುವುದು ಇದ್ದದ್ದೇ.

ತೊಡಕಿರುವುದು ಹಬ್ಬದ ದಿನಗಳಲ್ಲಿ. ಗಣೇಶ ಚೌತಿ, ದೀಪಾವಳಿಗಳಿಗೆ ಎಲ್ಲರೂ ಒಟ್ಟಿಗೆ ಹೊರಟಾಗ ಚಾರ್ಜಿಂಗ್ ಕೇಂದ್ರದಲ್ಲಿ ಸರದಿ ಕಾಯಬೇಕಾದೀತು; ಕೆಲವೊಮ್ಮೆ ಯಂತ್ರ ಕೆಟ್ಟಿದ್ದೀತು. ಇನ್ನು ಕರಾವಳಿಯ ಕಡೆಯವರಿಗೆ ಮಂಗಳೂರೆಂದರೆ ಒಂಬೈನೂರರ ಆಸುಪಾಸು. ಆ ಪಯಣದಲ್ಲಿ ಯೋಜನೆ ಇನ್ನಷ್ಟು ಬಿಗಿಯಾಗಿರಬೇಕು. ಊರಿನ ಮನೆಯನ್ನು ತಲಪಿದ ಮೇಲೂ ಪ್ರಶ್ನೆ ಮುಗಿಯದು. ಹಳೆಯ ತೋಟದ ಮನೆಗಳಲ್ಲಿ ಅರ್ಥಿಂಗ್ ಸರಿಯಾಗಿರುವುದಿಲ್ಲ. ಅದಿಲ್ಲದಿದ್ದರೆ ಚಾರ್ಜರು ಕೆಲಸಕ್ಕೆ ಏಳುವುದೇ ಇಲ್ಲ. ಹೋಗುವ ಮೊದಲು ಊರಿನ ವೈರ್‌ಮನ್ನನಿಂದ ಒಂದು ಪ್ಲಗ್ಗನ್ನು ಸರಿಪಡಿಸಿಟ್ಟರೆ ಅಣ್ಣನ ಮನೆಯಲ್ಲಿ ನಿಶ್ಚಿಂತೆಯಿಂದ ಮಲಗಬಹುದು.

ಹಾಗೆಂದು ವರ್ಷದ ಎರಡು ಪಯಣಗಳಿಗಾಗಿ ಉಳಿದ ಮುನ್ನೂರೈವತ್ತು ದಿನದ ಲೆಕ್ಕವನ್ನು ಬಿಟ್ಟುಕೊಡುವುದೂ ಜಾಣತನವಲ್ಲ. ಊರಿಗೆ ರೈಲಿದೆ, ಬಸ್ಸಿದೆ.

ಲೆಕ್ಕಕ್ಕೆ ಸಿಗದ ಸುಖ

ವಿದ್ಯುತ್ ಕಾರನ್ನು ಒಮ್ಮೆ ಓಡಿಸಿದವರು ಅದರ ಗುಣ ಹಾಡುವುದು ದುಡ್ಡಿಗಾಗಿ ಮಾತ್ರವಲ್ಲ. ಗೇರ್ ಬದಲಿಸುವ ಕಾಟವಿಲ್ಲ, ಗಡಗಡ ಸದ್ದಿಲ್ಲ, ಸಿಗ್ನಲ್ಲಿನಲ್ಲಿ ನಿಂತಾಗ ಹೊಗೆಯಿಲ್ಲ. ಹೊಸದಾಗಿ ಕಲಿಯುವ ಗೃಹಿಣಿಗೂ ಮೊಣಕಾಲು ನೋವಿನ ಹಿರಿಯರಿಗೂ ಅದು ಸುಲಭ. ಸದ್ದಿಲ್ಲದಿರುವುದೇ ಒಂದು ಅಪಾಯವೂ ಹೌದು. ಸೊಸೈಟಿಯ ಅಂಗಳದಲ್ಲಿ ಆಡುವ ಮಕ್ಕಳಿಗೆ ಗಾಡಿ ಬಂದದ್ದು ಕೇಳಿಸದು.

ಅದರಿಂದ ಪರಿಸರ ಪೂರ್ತಿ ಶುದ್ಧವಾಯಿತೆಂದು ಎದೆ ತಟ್ಟಿಕೊಳ್ಳುವುದೂ ಸಲ್ಲದು. ನಮ್ಮ ದೇಶದ ಕರೆಂಟಿನ ಹೆಚ್ಚಿನ ಭಾಗ ಇನ್ನೂ ಕಲ್ಲಿದ್ದಲಿನಿಂದ ಬರುತ್ತದೆ. ನಮ್ಮ ಬೀದಿಯಲ್ಲಿ ಕಾಣದ ಹೊಗೆ ರಾಯಚೂರಿನ ಶಕ್ತಿನಗರದಂಥ ಕಡೆ ಚಿಮಣಿಯಿಂದ ಏಳುತ್ತಿರುತ್ತದೆ. ಆದರೂ ದಿಲ್ಲಿಯ ಚಳಿಗಾಲದ ಗಾಳಿಯನ್ನು ಉಸಿರಾಡಿದವರಿಗೆ, ಮಕ್ಕಳ ಮೂಗಿನ ಮಟ್ಟದಲ್ಲಿ ಹೊಗೆ ಇಲ್ಲದಿರುವುದು ಸಣ್ಣ ಲಾಭವಲ್ಲ.

ಯಾರಿಗೆ ಯಾವುದು?

ಮನೆಯಲ್ಲಿ ಪ್ಲಗ್ಗಿದ್ದು, ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರು ಓಡಿಸಿ, ಕಾರನ್ನು ಎಂಟು ವರ್ಷವಾದರೂ ಇಟ್ಟುಕೊಳ್ಳುವವರು ವಿದ್ಯುತ್ ಕಾರನ್ನು ಧೈರ್ಯವಾಗಿ ಕೊಳ್ಳಬಹುದು. ಪ್ಲಗ್ಗಿಲ್ಲದವರು, ಓಡಾಟ ಕಡಿಮೆಯಿರುವವರು, ಎರಡು ಮೂರು ವರ್ಷದಲ್ಲಿ ವರ್ಗವಾಗಿ ಬೇರೆ ಊರಿಗೆ ಹೋಗುವವರು ಪೆಟ್ರೋಲ್ ಕಾರನ್ನೇ ಕೊಂಡರೆ ಹಿಂದುಳಿದವರೆಂದು ನಾಚಬೇಕಿಲ್ಲ. ನೆರೆಮನೆಯವರು ಕೊಂಡರೆಂದು ಕೊಳ್ಳುವುದೂ ಬೇಡ, ನೆರೆಮನೆಯವರು ಹೆದರಿಸಿದರೆಂದು ಬಿಡುವುದೂ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಕಾರಿನ ವಿಷಯದಲ್ಲಿ ಆ ಹಾಸಿಗೆಯನ್ನು ಅಳೆಯುವ ಕೋಲು ಎರಡೇ: ತಿಂಗಳ ಕಿಲೋಮೀಟರು ಮತ್ತು ರಾತ್ರಿಯ ಪ್ಲಗ್ಗು. ಇವೆರಡನ್ನು ಈ ವಾರವೇ ಗೊತ್ತುಮಾಡಿಕೊಳ್ಳಿರಿ. ಬಣ್ಣವನ್ನು ಆರಿಸುವ ಕೆಲಸ ಮಕ್ಕಳಿಗೆ ಬಿಡಿರಿ.