ಪದ್ಯದ ರುಚಿ ಕಿವಿಗೆ ಹತ್ತುವ ಬಗೆ

ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ಕಂಗ್‌ಹಾನೆದ್ ಎಂಬ ಹಳೆಯ ಕಾವ್ಯನಿಯಮವೊಂದಿದೆ. ಅದರ ಒಂದು ಬಗೆಯಲ್ಲಿ, ಸಾಲಿನ ಮೊದಲರ್ಧದ ವ್ಯಂಜನಗಳು ಎರಡನೆಯ ಅರ್ಧದಲ್ಲೂ ಅದೇ ಸರದಿಯಲ್ಲಿ ಬರಬೇಕು; ಒತ್ತು ಬೀಳುವ ಜಾಗವೂ ತಪ್ಪಬಾರದು. ಬ್ಯಾಂಗರ್ ವಿಶ್ವವಿದ್ಯಾಲಯದ ಗಿಯೋಮ್ ತಿಯೆರಿ ಮತ್ತು ಸಂಗಡಿಗರು ಈ ನಿಯಮದ ಗಂಧಗಾಳಿಯಿಲ್ಲದ, ಆದರೆ ವೆಲ್ಷ್ ಮಾತಾಡುತ್ತಲೇ ಬೆಳೆದ ಜನರನ್ನು ಕರೆದು ತಂದು, ತಲೆಗೆ ಎಲೆಕ್ಟ್ರೋಡುಗಳನ್ನು ಜೋಡಿಸಿ, ವಾಕ್ಯಗಳನ್ನು ಓದಲು ಕೊಟ್ಟರು. ಕೆಲವು ವಾಕ್ಯಗಳ ಕೊನೆಯ ಪದ ನಿಯಮಕ್ಕೆ ಸರಿಯಾಗಿ ಕೂರುತ್ತಿತ್ತು, ಉಳಿದವುಗಳಲ್ಲಿ ಎಡವುತ್ತಿತ್ತು. ಯಾವುದು ಸರಿ, ಯಾವುದು ತಪ್ಪು ಎಂದು ಕೇಳಿದರೆ ಓದಿದವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಆದರೆ ಸರಿಯಾದ ಪದ ಕಂಡಾಗಲೆಲ್ಲ ಅವರ ಮಿದುಳಿನಲ್ಲಿ ಒಂದು ವಿಶಿಷ್ಟ ವಿದ್ಯುತ್ ಅಲೆ ಏಳುತ್ತಿತ್ತು. ಹುಡುಕುತ್ತಿದ್ದ ವಸ್ತು ಸಿಕ್ಕಾಗ ಏಳುವ ಅಲೆ ಅದು. 2016ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಕನ್ನಡ ಕಿವಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಗಮಕದ ಸಭೆಯಲ್ಲಿ ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ ತಲೆದೂಗುವವರೆಲ್ಲ ಛಂದಸ್ಸು ಓದಿದವರಲ್ಲ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಎಂದು ಸಾಲಿಗೆ 14 ಮಾತ್ರೆಯ ನಡೆ. ಮೂರನೆಯ ಮತ್ತು ಆರನೆಯ ಸಾಲಿಗೆ ಬಂದಾಗ ಓಟ ಉದ್ದವಾಗಿ ಕೊನೆಗೊಂದು ಗುರುವಿನ ಮೇಲೆ ನಿಲ್ಲುತ್ತದೆ. ಆರೂ ಸಾಲುಗಳಲ್ಲಿ ಎರಡನೆಯ ಅಕ್ಷರದ ವ್ಯಂಜನ ಒಂದೇ. ಇದಕ್ಕೆ ಪ್ರಸ್ತಾರ ಹಾಕಿ ತೋರಿಸಿ ಎಂದರೆ ಕೇಳುಗರಲ್ಲಿ ಬಹಳಷ್ಟು ಮಂದಿ ಕೈಚೆಲ್ಲುತ್ತಾರೆ. ಆದರೆ ಗಮಕಿ ಒಂದು ಮಾತ್ರೆ ನುಂಗಿದರೆ ಸಾಕು, ಹಿಂದಿನ ಸಾಲಿನ ಅಜ್ಜನ ಹುಬ್ಬು ಗಂಟಾಗುತ್ತದೆ.

ಈ ತಿಳಿವಳಿಕೆ ಶುರುವಾಗುವುದು ಬಸಿರಿನಲ್ಲೇ. ಆರು ತಿಂಗಳು ತುಂಬುವ ಹೊತ್ತಿಗೆ ಭ್ರೂಣದ ಕಿವಿ ಕೆಲಸ ಆರಂಭಿಸಿರುತ್ತದೆ. ಹೊರಗಿನ ಮಾತು ತಾಯಿಯ ಮೈ ಮತ್ತು ಗರ್ಭಜಲವನ್ನು ಹಾದು ಬರುವಾಗ ತಾರಕದ ಸದ್ದುಗಳು ಸೋಸಿಹೋಗುತ್ತವೆ, ಅಕ್ಷರಗಳು ಕಲಸಿಕೊಳ್ಳುತ್ತವೆ. ಒಳಗಿನ ಕೂಸಿಗೆ ದಕ್ಕುವುದು ದನಿಯ ಏರಿಳಿತ ಮತ್ತು ಲಯ. ಪದ್ಯದಿಂದ ಅರ್ಥವನ್ನು ಕಳೆದರೆ ಉಳಿಯುವುದೂ ಹೆಚ್ಚುಕಡಿಮೆ ಇಷ್ಟೇ.

ಅಮೆರಿಕದ ಆಂತೊನಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ 1986ರಲ್ಲಿ ಇದನ್ನು ಜಾಣತನದಿಂದ ಪರೀಕ್ಷಿಸಿದರು. ಗರ್ಭಿಣಿಯರು ಕೊನೆಯ ಆರು ವಾರ ದಿನವೂ ಒಂದೇ ಮಕ್ಕಳ ಕತೆಯನ್ನು ಗಟ್ಟಿಯಾಗಿ ಓದಬೇಕು. ಹೆರಿಗೆಯಾದ ಮೇಲೆ ಮಗುವಿನ ಕಿವಿಗೆ ಹೆಡ್‌ಫೋನ್, ಬಾಯಿಗೆ ಯಂತ್ರಕ್ಕೆ ಜೋಡಿಸಿದ ರಬ್ಬರ್ ತೊಟ್ಟು. ಚೀಪುವುದರ ನಡುವೆ ಮಗು ಬಿಡುವ ಅಂತರ ಹೆಚ್ಚಾದರೆ ಒಂದು ಕತೆ, ಕಡಿಮೆಯಾದರೆ ಇನ್ನೊಂದು ಕೇಳಿಸುತ್ತದೆ. ಹುಟ್ಟಿ ಕೆಲವೇ ದಿನಗಳಾದ ಈ ಮಕ್ಕಳು ಚೀಪುವ ಗತಿಯನ್ನೇ ಬದಲಿಸಿ, ಬಸಿರಿನಲ್ಲಿ ಕೇಳಿದ್ದ ಕತೆಯನ್ನು ಹಾಕಿಸಿಕೊಂಡವು. ಓದುವ ದನಿ ಬೇರೆ ಹೆಂಗಸಿನದಾಗಿದ್ದರೂ ಆಯ್ಕೆ ಅದೇ. 2009ರಲ್ಲಿ ಜರ್ಮನಿಯ ಕಾಥ್ಲೀನ್ ವೆರ್ಮ್‌ಕೆಯವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಫ್ರೆಂಚ್ ನವಜಾತ ಶಿಶುಗಳ ಅಳು ಏರುದನಿಯದು, ಜರ್ಮನ್ ಶಿಶುಗಳದು ಇಳಿದನಿಯದು. ಆಯಾ ಭಾಷೆಯ ಏರಿಳಿತವೂ ಹಾಗೆಯೇ.

ಗುರುತಿಸುವುದು ಸರಿ, ಸುಖ ಎಲ್ಲಿಂದ ಬರುತ್ತದೆ? ಫ್ರಾಂಕ್‌ಫರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯೂಜೆನ್ ವಾಸಿಲಿವಿಟ್ಸ್ಕಿ ಮತ್ತು ಸಹೋದ್ಯೋಗಿಗಳು ಕವಿತೆ ಕೇಳುವವರ ಚರ್ಮದ ಮೇಲೆ ಪುಟ್ಟ ಕ್ಯಾಮೆರಾ ಇಟ್ಟು, ರೋಮ ನಿಮಿರುವ ಕ್ಷಣಗಳನ್ನು ಹಿಡಿದರು. ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳಲ್ಲಿ ರೋಮಾಂಚವನ್ನೂ ಸೇರಿಸಿದ್ದು ಸುಮ್ಮನೆ ಅಲ್ಲ. ಈ ಪುಳಕ ಎಲ್ಲೆಂದರಲ್ಲಿ ಬರುತ್ತಿರಲಿಲ್ಲ. ಸಾಲಿನ, ಚರಣದ, ಕವಿತೆಯ ಕೊನೆಗಳಲ್ಲಿ ಗುಂಪುಗೂಡುತ್ತಿತ್ತು. ಜೊತೆಗೆ, ಪುಳಕಕ್ಕೆ ಕೆಲವು ಸೆಕೆಂಡು ಮೊದಲೇ ಮಿದುಳಿನ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗ ಎಚ್ಚೆತ್ತಿರುತ್ತಿತ್ತು. ಊಟ, ಸಂಗೀತದಂಥ ಸುಖಗಳ ನಿರೀಕ್ಷೆಯಲ್ಲಿ ಕೆರಳುವ ಭಾಗವದು. ಕವಿತೆ ಮೊದಲ ಸಲ ಕೇಳುತ್ತಿದ್ದವರಲ್ಲೂ ಹೀಗಾಯಿತು. ಲಯ ಒಂದು ಮಾತು ಕೊಟ್ಟಿರುತ್ತದೆ. ಅದು ಈಡೇರುವ ಘಳಿಗೆಗೆ ಮಿದುಳು ಕಾದು ಕೂತಿರುತ್ತದೆ.

ಕಿವಿಗೆ ಮೊದಲು ಲಯ, ಆಮೇಲೆ ಅರ್ಥ. ನಮ್ಮ ಶಾಲೆಗಳ ಪ್ರಶ್ನೆಪತ್ರಿಕೆಗಳು ಈ ಕ್ರಮವನ್ನು ತಲೆಕೆಳಗು ಮಾಡಿವೆ. ತರಗತಿಯಲ್ಲಿ ಕವಿಪರಿಚಯ, ಪದಗಳ ಅರ್ಥ, ಸಂದರ್ಭ ಸಹಿತ ಸ್ವಾರಸ್ಯ ಎಲ್ಲ ಮುಗಿದು, ಹೊತ್ತಿದ್ದರೆ ರಾಗವಾಗಿ ಓದುವುದು.

ಲಯ ಸುಖ ಕೊಡುತ್ತದೆಂದ ಮಾತ್ರಕ್ಕೆ ಎಲ್ಲರಿಗೂ ಒಂದೇ ಪದ್ಯ ಹಿಡಿಸುವುದಿಲ್ಲ. ಸಂಶೋಧಕಿ ಏಮಿ ಬೆಲ್ಫಿ ಮತ್ತಿತರರು 2017ರಲ್ಲಿ ನಾನೂರಕ್ಕೂ ಹೆಚ್ಚು ಜನರಿಗೆ ಹೈಕು, ಸಾನೆಟ್‌ಗಳನ್ನು ಓದಿಸಿದಾಗ ಮೆಚ್ಚಿಗೆಯಲ್ಲಿ ಒಮ್ಮತವಿರಲಿಲ್ಲ. ಆದರೆ ಯಾರಿಗೆ ಯಾವುದು ಕಣ್ಣಿಗೆ ಕಟ್ಟಿತೋ ಅವರಿಗೆ ಅದು ಹೆಚ್ಚು ಹಿಡಿಸಿತ್ತು.

ಇನ್ನು ಬರೆಯುವ ಗೀಳು. ಓದಿ ಸುಖಪಡುವವರೆಲ್ಲ ಲೇಖನಿ ಹಿಡಿಯುವುದಿಲ್ಲವಷ್ಟೆ. ಲಿವರ್‌ಪೂಲಿನ ಟಾಮಿ ಮೆಕ್‌ಹ್ಯೂ ಕಟ್ಟಡ ಕೆಲಸದವನು; ಹರೆಯದಲ್ಲಿ ಜೈಲು ಕಂಡವನು. 2001ರಲ್ಲಿ ಮಿದುಳಿನ ರಕ್ತಸ್ರಾವದಿಂದ ಬದುಕುಳಿದು ಮನೆಗೆ ಬಂದವನು ಪುಸ್ತಕಗಟ್ಟಲೆ ಕವಿತೆ ಬರೆಯತೊಡಗಿದ. ಆಡುವ ಮಾತೂ ಪ್ರಾಸದಲ್ಲಿ. ಬಳಿಕ ಮನೆಯ ಗೋಡೆ, ಛಾವಣಿಗಳನ್ನೂ ಚಿತ್ರಗಳಿಂದ ತುಂಬಿಸಿದ. ನರವೈದ್ಯೆ ಆಲಿಸ್ ಫ್ಲಾಹರ್ಟಿ ತಾವೇ ಇಂಥ ಹುಚ್ಚುಹೊಳೆಯಲ್ಲಿ ಸಿಕ್ಕಿದ್ದವರು. ದಿನ ತುಂಬುವ ಮೊದಲೇ ಹುಟ್ಟಿದ ಅವಳಿ ಮಕ್ಕಳನ್ನು ಕಳೆದುಕೊಂಡ ಮೇಲೆ ಅವರಿಗೆ ಬರೆಯದೆ ಇರಲಾಗಲಿಲ್ಲ; ಆ ಅನುಭವವನ್ನು ವಿಜ್ಞಾನದೊಂದಿಗೆ ಬೆರೆಸಿ 2004ರಲ್ಲಿ ಪುಸ್ತಕ ತಂದರು. ಬರೆಯುವ ಕೌಶಲ ಮಿದುಳಿನ ಹೊರಪದರದ ಕೆಲಸವಾದರೆ, ಬರೆಯಲೇಬೇಕೆಂಬ ಒತ್ತಡ ಭಾವನೆಗಳನ್ನು ಆಳುವ ಒಳಗಿನ ಲಿಂಬಿಕ್ ಭಾಗದ್ದು ಎಂಬುದು ಅವರ ವಾದ. ಇವು ಅತಿರೇಕದ ಉದಾಹರಣೆಗಳು. ಕವಿತೆ ಬರೆಯುವವರೆಲ್ಲ ರೋಗಿಗಳೆಂದು, ಅವರ ಮನೆಯವರನ್ನು ಬಿಟ್ಟರೆ, ಯಾರೂ ಹೇಳಿಲ್ಲ.

ಒತ್ತಡ ಒಳಗಿನದಾದರೂ ಅದು ಯಾವ ಭಾಷೆಯಲ್ಲಿ ಹರಿಯಬೇಕು ಎಂಬಲ್ಲಿ ಕಿವಿ ಮತ್ತೆ ತಲೆಹಾಕುತ್ತದೆ. ಇನ್ನೂ ಇಪ್ಪತ್ತು ತುಂಬದ ಕುವೆಂಪು 1922ರಲ್ಲಿ ಪ್ರಕಟಿಸಿದ್ದು ಇಂಗ್ಲಿಷ್ ಕವನಗಳನ್ನು. ಎರಡು ವರ್ಷಗಳ ನಂತರ ಐರಿಷ್ ಕವಿ ಜೇಮ್ಸ್ ಕಸಿನ್ಸ್, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಹೇಳಿದರು. ಷಟ್ಪದಿ ವಾಚನ, ಯಕ್ಷಗಾನಗಳ ಮಲೆನಾಡಿನಲ್ಲಿ ಬೆಳೆದ ಕಿವಿಗೆ ಕನ್ನಡ ಒಲಿಯಲು ತಡವಾಗಲಿಲ್ಲ. ಬೇಂದ್ರೆಯವರ ಪ್ರಕರಣ ಇಷ್ಟು ಸರಳವಲ್ಲ. ಬಸಿರಿನಲ್ಲಿ ಕೇಳಿದ್ದೇ ಎಲ್ಲವನ್ನೂ ತೀರ್ಮಾನಿಸುವುದಾಗಿದ್ದರೆ ಮನೆಮಾತು ಮರಾಠಿಯಾಗಿದ್ದ ಅವರು ಮರಾಠಿಯ ಕವಿಯಾಗಬೇಕಿತ್ತು. ಮರಾಠಿಯಲ್ಲೂ ಬರೆದರು, ನಿಜ. ಆದರೆ ಅವರ ಪದ್ಯಗಳಲ್ಲಿ ಕುಣಿಯುವುದು ಧಾರವಾಡದ ಓಣಿ, ಸಂತೆ, ಲಾವಣಿಗಳ ಕನ್ನಡ.