ಬೊಜ್ಜು ಮನೆತನದ ಬಳುವಳಿಯೇ?

"ನಮ್ಮ ಮನೆತನದವರೆಲ್ಲ ದಪ್ಪ, ಮಗಳೂ ಹಾಗೆಯೇ" ಎನ್ನುವ ತಾಯಂದಿರಿದ್ದಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಎಫ್‌ಟಿಒ ಎಂಬ ವಂಶವಾಹಿಗೂ ಬೊಜ್ಜಿಗೂ ಇರುವ ನಂಟನ್ನು ವಿಜ್ಞಾನಿಗಳು 2007ರಲ್ಲಿ ಗುರುತಿಸಿದರು. ಅದರ ಒಂದು ನಿರ್ದಿಷ್ಟ ರೂಪವನ್ನು ತಂದೆ-ತಾಯಿ ಇಬ್ಬರಿಂದಲೂ ಪಡೆದ ವಯಸ್ಕರು ಅದನ್ನು ಯಾರಿಂದಲೂ ಪಡೆಯದವರಿಗಿಂತ ಸರಾಸರಿ ಸುಮಾರು 3 ಕಿಲೋ ಹೆಚ್ಚು ತೂಗುತ್ತಿದ್ದರು. ಇಂಥ ಮಕ್ಕಳಿಗೆ ಹೊಟ್ಟೆ ತುಂಬಿದ ಅರಿವು ಕಡಿಮೆ ಎಂದೂ ಅಧ್ಯಯನಗಳು ಸೂಚಿಸಿವೆ.

ಆದರೆ ವಂಶವಾಹಿಯೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಯುರೋಪಿನ 752 ಹದಿಹರೆಯದವರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಹೆಲೆನಾ ಅಧ್ಯಯನದ ಪ್ರಕಾರ, ದಿನಕ್ಕೆ ಒಂದು ಗಂಟೆಯಾದರೂ ಮೈ ಬಿಸಿಯಾಗುವಷ್ಟು ಆಡಿ ಓಡುವವರಲ್ಲಿ ಅದರ ಪ್ರಭಾವ ಬಹಳ ಕಡಿಮೆಯಿತ್ತು.

ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳು ದೊಡ್ಡವಳಾದೊಡನೆ ಮೊದಲು ನಿಲ್ಲುವುದು ಅವಳ ಆಟ. ಮಗ ಮೈದಾನಕ್ಕೆ ಹೋಗುತ್ತಾನೆ. ಅವಳು ಟ್ಯೂಷನ್ ಮುಗಿಸಿ ಟಿವಿ, ಮೊಬೈಲ್ ಮುಂದೆ ಕೂರುತ್ತಾಳೆ. ಆಮೇಲೆ ದಪ್ಪಗಾದಳೆಂದು ಛೇಡಿಸಿ ಊಟಕ್ಕೆ ಕತ್ತರಿ ಹಾಕುವುದು ಸರಿಯಲ್ಲ. ಬೆಳೆಯುವ ದೇಹಕ್ಕೆ ಪೌಷ್ಟಿಕ ಆಹಾರ ಬೇಕೇ ಬೇಕು. ಕರಿದ ತಿಂಡಿ, ಸಿಹಿ ಪಾನೀಯಗಳನ್ನು ಇಡೀ ಮನೆಯವರೇ ಕಡಿಮೆ ಮಾಡಲಿ. ಅಂಗಳದಲ್ಲೋ ಟೆರೇಸಿನಲ್ಲೋ ಅವಳ ಸ್ಕಿಪ್ಪಿಂಗ್, ಶಟಲ್ ಆಟಕ್ಕೆ ದಿನವೂ ಒಂದು ಗಂಟೆ ಬಿಡುವು ಕೊಡಿ. ಸಾಧ್ಯವಾದರೆ ನೀವೂ ಜೊತೆಗೂಡಿ.