ಖಾನಾವಳಿಯ ಮಾವಶಿಯರು ಮತ್ತು ಶೇಕಡಾ ನಾಲ್ಕರ ಸಾಲ

ಮುಂಬಯಿಗೆ ಬಂದ ಹೊಸತರಲ್ಲಿ ಊಟ ಎಲ್ಲಿ ಮಾಡುತ್ತಿದ್ದಿರಿ ಎಂದು ನಮ್ಮ ಸಂಘದ ಹಿರಿಯ ಸದಸ್ಯರನ್ನು ಕೇಳಿದರೆ ಹೆಚ್ಚಿನವರು ಒಂದಲ್ಲ ಒಂದು ಹೋಟೇಲಿನ ಹೆಸರು ಹೇಳುತ್ತಾರೆ. ನಮ್ಮ ಕರಾವಳಿಯವರು ಬಹುಪಾಲು ಹೋಟೇಲಿನಲ್ಲಿ ದುಡಿದು, ಅಲ್ಲಿಯೇ ಉಂಡು, ರಾತ್ರಿ ಮೇಜು ಜೋಡಿಸಿ ಅಲ್ಲಿಯೇ ಮಲಗಿದವರು. ಮೊದಲ ಎರಡು ವರ್ಷ ನನ್ನದೂ ಅದೇ ಕಥೆ. 1987ರಲ್ಲಿ ಫೋರ್ಟಿನ ಒಂದು ಕಚೇರಿಯಲ್ಲಿ ಜವಾನನ ಕೆಲಸ ಸಿಕ್ಕಿತು, ಸಂಜೆ ಕಾಲೇಜಿಗೆ ಬಿ.ಕಾಂ.ಗೆ ಸೇರಿದೆ, ಲಾಲ್‌ಬಾಗಿನ ಚಾಳೊಂದರಲ್ಲಿ ಆರು ಮಂದಿಯ ಕೋಣೆಯಲ್ಲಿ ಒಂದು ಚಾಪೆಯಷ್ಟು ಜಾಗವೂ ಸಿಕ್ಕಿತು. ಆಗ ಊಟಕ್ಕೆ ಖಾನಾವಳಿಯೇ ಗತಿಯಾಯಿತು.

ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ. ಒಂದು ಮೂಲೆಯಲ್ಲಿ ಎರಡು ಸೀಮೆಎಣ್ಣೆ ಸ್ಟೌ, ಇನ್ನೊಂದು ಮೂಲೆಯಲ್ಲಿ ಮೋರಿ, ನಡುವೆ ನೆಲದ ಮೇಲೆ ಒಂದು ಪಂಕ್ತಿಗೆ ಎಂಟು ಜನ. ಭಾಕರಿ ಇಲ್ಲವೇ ಚಪಾತಿ, ಒಂದು ಉಸಳ್, ಅನ್ನ, ಆಮಟಿ. ಭಾನುವಾರ ಮೀನು. ನಡೆಸುತ್ತಿದ್ದವರು ಸಾತಾರಾ ಕಡೆಯ ಒಬ್ಬ ಹೆಂಗಸು. ನಾವೆಲ್ಲ ಅವರನ್ನು ಮಾವಶಿ ಎನ್ನುತ್ತಿದ್ದೆವು. ಸಂಜೆ ಕಾಲೇಜು ಮುಗಿಸಿ ನಾನು ಬರುವಾಗ ರಾತ್ರಿ ಹತ್ತಾಗುತ್ತಿತ್ತು. ಮುಚ್ಚಿಟ್ಟ ತಾಟು ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ. ಮಾವಶಿಗೆ ಓದು ಬರಹ ಬರುತ್ತಿರಲಿಲ್ಲ. ಯಾರು ಎಷ್ಟು ದಿನ ಉಂಡರು, ಯಾರು ರಜೆ ಮಾಡಿದರು ಎಂಬುದನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ಇಡುತ್ತಿದ್ದರು. ಬಿ.ಕಾಂ. ಓದುವ ಹುಡುಗ ಎಂದು ಆ ಗೀಟುಗಳನ್ನು ಪುಸ್ತಕಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಮೊದಲ ಲೆಡ್ಜರ್ ಅದೇ.

ಒಂದು ದಿನ ಲೆಕ್ಕ ಬರೆಯುವಾಗ ಟ್ರಂಕಿನಿಂದ ಬ್ಯಾಂಕಿನ ಒಂದು ಪುಸ್ತಕ ತೆಗೆದುಕೊಟ್ಟು, "ಬಾಳಾ, ಇದರಲ್ಲಿ ಇನ್ನೆಷ್ಟು ಬಾಕಿ ನೋಡು" ಎಂದರು. ಸಾಲದ ಖಾತೆ. ಬಡ್ಡಿ ಶೇಕಡಾ ನಾಲ್ಕು. ನಾನು ತಪ್ಪು ಓದಿದೆನೆಂದೇ ಭಾವಿಸಿದೆ. ಅದೇ ಚಾಳಿನಲ್ಲಿ ಸಾವಕಾರನು ತಿಂಗಳಿಗೆ ನೂರಕ್ಕೆ ಹತ್ತು ತೆಗೆದುಕೊಳ್ಳುತ್ತಿದ್ದ ಕಾಲ ಅದು. ಅಡವಿಡಲು ಚಿನ್ನವಿಲ್ಲ, ಸಹಿ ಬಾರದು, ಮನೆ ಬಾಡಿಗೆಯದು. ಇಂಥವರಿಗೆ ಬ್ಯಾಂಕು ಸಾಲ ಕೊಟ್ಟಿತೇ ಎಂದು ಕೇಳಿದ್ದಕ್ಕೆ ಮಾವಶಿ ಹೇಳಿದ್ದು ಒಂದೇ ಮಾತು: "ಅನ್ನಪೂರ್ಣಾ."

ಅನ್ನಪೂರ್ಣಾ ಮಹಿಳಾ ಮಂಡಳದ ಹೆಸರನ್ನು ನಾನು ಕೇಳಿದ್ದು ಹೀಗೆ. ಮುಂದೆ ನಾನೂ ಬ್ಯಾಂಕಿನ ಗುಮಾಸ್ತನಾದ ಮೇಲೆ ಆ ಹೆಸರಿನ ಹಿಂದಿನ ಸಂಗತಿಗಳು ಒಂದೊಂದಾಗಿ ತಿಳಿದುಬಂದವು.

ಪರೇಲ್, ಲಾಲ್‌ಬಾಗ್, ಚಿಂಚ್‌ಪೋಕ್ಲಿ ಪರಿಸರದ ಗಿರಣಗಾಂವ್ ಪೂರ್ತಿ ವಲಸಿಗರ ಊರು. ಕೊಂಕಣ, ಸಾತಾರಾ, ಸಾಂಗ್ಲಿ, ಕೊಲ್ಹಾಪುರಗಳಿಂದ ಗಂಡಸರು ಸಂಸಾರವನ್ನು ಊರಲ್ಲಿ ಬಿಟ್ಟು ಮಿಲ್ಲಿಗೆ ಬರುತ್ತಿದ್ದರು. ಒಂದೇ ಕೋಣೆಯಲ್ಲಿ ಪಾಳಿಯಂತೆ ದುಡಿಮೆ, ಪಾಳಿಯಂತೆ ನಿದ್ರೆ. ಇವರಿಗೆ ಅನ್ನ ಬೇಯಿಸಿ ಹಾಕಿದವರು ಅದೇ ಊರುಗಳಿಂದ ಬಂದ ಹೆಂಗಸರು. ಗಂಡ ತೀರಿಕೊಂಡವರು, ಗಂಡ ಕುಡಿತಕ್ಕೆ ಬಿದ್ದವರು, ಮಿಲ್ಲಿನ ಕೆಲಸ ಹೋದವರು ಅವರಲ್ಲಿದ್ದರು. 1920ರ ದಶಕದಲ್ಲಿ ಮುಂಬಯಿಯ ಮಿಲ್ ಕಾರ್ಮಿಕರಲ್ಲಿ ಸುಮಾರು ಐದರಲ್ಲಿ ಒಬ್ಬರು ಮಹಿಳೆಯರಾಗಿದ್ದರು ಎಂದರೆ ಇಂದಿನವರು ನಂಬಲಾರರು. ಬರಬರುತ್ತಾ ಅವರ ಸಂಖ್ಯೆ ಕರಗಿತು. ಮಿಲ್ಲಿನ ಹೊರಗೆ ಉಳಿದ ಹೆಂಗಸಿಗೆ ಕೈಯಲ್ಲಿದ್ದ ವಿದ್ಯೆ ಅಡುಗೆಯೊಂದೇ. ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ರಾತ್ರಿ ಪಾಳಿಯವನು ಉಂಡು ಹೋಗುವ ತನಕ ಅವಳಿಗೆ ಬೆನ್ನು ನೆಲಕ್ಕೆ ತಾಗುವಂತಿಲ್ಲ. ಆದರೂ ಅವಳನ್ನು ಯಾರೂ ಕಾರ್ಮಿಕಳೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಈ ಕಸುಬಿನ ಲೆಕ್ಕಾಚಾರವನ್ನು ಸ್ವಲ್ಪ ನೋಡಬೇಕು. ಮೆಂಬರುಗಳು ಹಣ ಕೊಡುವುದು ತಿಂಗಳ ಪಗಾರವಾದ ಮೇಲೆ. ಅಕ್ಕಿ, ಜೋಳ, ಎಣ್ಣೆ, ತರಕಾರಿ ಬೇಕಾಗುವುದು ದಿನವೂ. ಆದ್ದರಿಂದ ತಿಂಗಳಿಡೀ ದಿನಸಿ ಅಂಗಡಿಯಲ್ಲಿ ಉಧಾರಿ. ಉಧಾರಿಯವರಿಗೆ ಅಂಗಡಿಯವನು ಕೊಟ್ಟದ್ದೇ ಮಾಲು, ಹೇಳಿದ್ದೇ ದರ. ನಡುವೆ ಮಗುವಿಗೆ ಜ್ವರ ಬಂದರೆ ಸಾವಕಾರನ ಮನೆ. ನಮ್ಮ ವಾಣಿಜ್ಯ ಶಾಸ್ತ್ರದಲ್ಲಿ ಇದನ್ನೇ ದುಡಿಯುವ ಬಂಡವಾಳದ ಕೊರತೆ ಎಂದು ಕಲಿಸಿದರು. ಮಾವಶಿಯರು ಅದನ್ನು ಕಾಲೇಜಿಗೆ ಹೋಗದೆಯೇ ಅರಿತಿದ್ದರು. ಇಪ್ಪತ್ತು ಜನಕ್ಕೆ ಉಣ್ಣಿಸುವ ಹೆಂಗಸಿನ ಕೈಯಲ್ಲಿ ತಿಂಗಳ ಕೊನೆಗೆ ಉಳಿಯುತ್ತಿದ್ದದ್ದು ಮನೆಮಂದಿಯ ಊಟ ಮಾತ್ರ.

1974ರ ಆರಂಭದಲ್ಲಿ ಮಿಲ್ ಕಾರ್ಮಿಕರ ಮುಷ್ಕರ 42 ದಿನ ನಡೆಯಿತು. ಪಗಾರವಿಲ್ಲದ ಆ ದಿನಗಳಲ್ಲೂ ಖಾನಾವಳಿಯ ಹೆಂಗಸರು ತಮ್ಮ ಒಡವೆ, ಪಾತ್ರೆ ಅಡವಿಟ್ಟು ಕಾರ್ಮಿಕರಿಗೆ ಊಟ ಹಾಕಿದರು. ಮುಷ್ಕರ ಮುಗಿಯಿತು, ಕಾರ್ಮಿಕರು ಕೆಲಸಕ್ಕೆ ಮರಳಿದರು. ಈ ಹೆಂಗಸರ ಅಡವು ಬಿಡಿಸುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಇದನ್ನು ಗಮನಿಸಿದವರು ಪ್ರೇಮಾ ಪುರವ್. ಗೋವಾದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಗೋವಾ ವಿಮೋಚನಾ ಹೋರಾಟಕ್ಕೆ ಇಳಿದು, ಆಮೇಲೆ ಮುಂಬಯಿಗೆ ಬಂದು ಕಾರ್ಮಿಕ ಚಳವಳಿಯಲ್ಲಿ ದುಡಿದವರು. ಅವರ ಪತಿ ದಾದಾ ಪುರವ್ ಬ್ಯಾಂಕ್ ನೌಕರರ ಚಳವಳಿಯ ಮುಂದಾಳು. ನಮ್ಮ ಯೂನಿಯನ್ನಿನ ಹಿರಿಯರ ಬಾಯಲ್ಲಿ ಆ ಹೆಸರು ಕೇಳದ ಬ್ಯಾಂಕ್ ನೌಕರ ಮುಂಬಯಿಯಲ್ಲಿ ಆಗ ಇದ್ದಿರಲಾರ.

1975ರಲ್ಲಿ ಪ್ರೇಮಾತಾಯಿ ಹದಿನಾಲ್ಕು ಮಂದಿ ಖಾನಾವಳಿಯ ಹೆಂಗಸರನ್ನು ಕೂಡಿಸಿಕೊಂಡು ಮಂಡಳ ಆರಂಭಿಸಿದರು. ಮೊದಲ ಕೆಲಸವೇ ಬ್ಯಾಂಕಿನ ಬಾಗಿಲು ತಟ್ಟುವುದು. ಅದಕ್ಕೆ ಕಾಲವೂ ಒದಗಿಬಂದಿತ್ತು. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಗಿತ್ತು. ಅವುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ನಮ್ಮ ದಕ್ಷಿಣ ಕನ್ನಡದವು. 1972ರಲ್ಲಿ ಸರಕಾರ ತೀರಾ ಬಡವರಿಗಾಗಿ ಶೇಕಡಾ ನಾಲ್ಕರ ಬಡ್ಡಿಯ ಸಾಲ ಯೋಜನೆಯನ್ನು ತಂದಿತ್ತು. ಡಿ.ಆರ್.ಐ. ಎಂದರೆ ಬ್ಯಾಂಕಿನವರಿಗೆ ಗೊತ್ತು. ದುಡಿಯುವ ಬಂಡವಾಳಕ್ಕೆ 1,500 ರೂಪಾಯಿವರೆಗೆ ಕೊಡಬಹುದಿತ್ತು. ಕಾಗದದ ಮೇಲೆ ಯೋಜನೆ ಇತ್ತು, ಚಾಳಿನ ಹೆಂಗಸಿಗೆ ಅದರ ಸುದ್ದಿ ಇರಲಿಲ್ಲ. ಸುದ್ದಿ ಸಿಕ್ಕಿದರೂ ಜಾಮೀನು ಹಾಕುವವರು ಯಾರು?

ಮಂಡಳ ಇದಕ್ಕೆ ಕಂಡುಕೊಂಡ ದಾರಿ ನನ್ನಂಥ ಗುಮಾಸ್ತನಿಗೂ ಮೆಚ್ಚುಗೆಯಾಗುವಂಥದ್ದು. ಅಕ್ಕಪಕ್ಕದ ಗಲ್ಲಿಯ ಹೆಂಗಸರದ್ದೇ ಒಂದು ಗುಂಪು. ಒಬ್ಬರ ಸಾಲಕ್ಕೆ ಉಳಿದವರ ಜಾಮೀನು. ಪ್ರತಿ ಪ್ರದೇಶಕ್ಕೂ ಅವರಲ್ಲೇ ಒಬ್ಬರು ಮುಖಂಡರು. ಅರ್ಜಿ ತುಂಬಿಸುವುದು, ಕಂತು ನೆನಪಿಸುವುದು, ಬ್ಯಾಂಕಿಗೆ ಕಟ್ಟುವುದು ಅವರ ಹೊಣೆ. ಯಾವ ಹೆಂಗಸಿಗೆ ಎಷ್ಟು ಮೆಂಬರು, ಯಾರ ಗಂಡ ಹಣ ಕಸಿದುಕೊಳ್ಳುತ್ತಾನೆ, ಯಾರಿಗೆ ಎಷ್ಟು ಕೊಟ್ಟರೆ ಮರಳೀತು ಎಂಬುದು ಮ್ಯಾನೇಜರಿಗಿಂತ ಪಕ್ಕದ ಕೋಣೆಯವಳಿಗೆ ಚೆನ್ನಾಗಿ ಗೊತ್ತಿರುತ್ತದೆಯಲ್ಲ. ನಮ್ಮೂರಿನ ಬ್ಯಾಂಕು 1928ರಲ್ಲಿ ಪಿಗ್ಮಿ ಎಂದು ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೆ ಹೋಗಿ ಕೂಡಿಸಿದ್ದು ಇಂಥದೇ ತಿಳಿವಳಿಕೆಯಿಂದ ಎಂದು ನನಗೆ ಅನಿಸುತ್ತದೆ. ಅಲ್ಲಿ ಉಳಿತಾಯ, ಇಲ್ಲಿ ಸಾಲ.

ಸಾಲದ ಹಣದಿಂದ ಮಾವಶಿಯರು ದಿನಸಿಯನ್ನು ನಗದಿಗೆ, ಸಗಟು ದರದಲ್ಲಿ ಕೊಳ್ಳತೊಡಗಿದರು. ಉಳಿದ ವ್ಯತ್ಯಾಸವೇ ಲಾಭ. ನಮ್ಮ ಮಾವಶಿ ತಮ್ಮ ಮೊದಲ ಸಾಲದಲ್ಲಿ ಸಾವಕಾರನ ಬಳಿಯಿದ್ದ ಮಂಗಳಸೂತ್ರವನ್ನು ಬಿಡಿಸಿಕೊಂಡಿದ್ದರಂತೆ. ಬ್ಯಾಂಕಿನ ನಿಯಮದ ಪ್ರಕಾರ ಅದು ತಪ್ಪು ವಿನಿಯೋಗ. ಅದನ್ನು ಹೇಳುವಾಗ ಅವರು ನಗುತ್ತಿದ್ದರು. ಗಂಡನ ಸಹಿಯಿಲ್ಲದೆ ತನ್ನ ಹೆಬ್ಬೆಟ್ಟಿಗೇ ಹಣ ಕೊಟ್ಟರೆಂಬುದು ಅವರಿಗೆ ಬಡ್ಡಿಗಿಂತಲೂ ದೊಡ್ಡ ಸಂಗತಿಯಾಗಿತ್ತು.

1982ರ ಜನವರಿ 18ರಂದು ಆರಂಭವಾದ ಡಾ. ದತ್ತಾ ಸಾಮಂತರ ಮುಷ್ಕರದ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಿದ್ದರು, ಬಹಳಷ್ಟು ಮಂದಿ ಮತ್ತೆ ಒಳಹೋಗಲಿಲ್ಲ. ಖಾನಾವಳಿಗಳ ಮೆಂಬರುಗಳು ಬಾಕಿ ಉಳಿಸಿ ಊರು ಸೇರಿದರು. ನಾನು ಹೋದ ಕಾಲಕ್ಕೆ ಮಾವಶಿಯಲ್ಲಿ ಮಿಲ್ಲಿನವರು ನಾಲ್ಕೈದು ಮಂದಿ ಮಾತ್ರ. ಉಳಿದವರೆಲ್ಲ ನನ್ನಂಥ ಜವಾನರು, ಪ್ರೆಸ್ಸಿನ ಹುಡುಗರು. ಆಮೇಲೆ ಮಂಡಳ ಮನೆಯ ಅಡುಗೆಯನ್ನು ಮನೆಯ ಹೊರಗೂ ಒಯ್ದಿತು. ದಾದರಿನಲ್ಲಿ ಸಮಾರಂಭಗಳಿಗೆ ಅಡುಗೆ ಒದಗಿಸುವ ಕೇಂದ್ರ, ವಾಶಿಯಲ್ಲಿ ದುಡಿಯುವ ಮಹಿಳೆಯರ ವಸತಿಗೃಹ, ತರಬೇತಿ ಇವೆಲ್ಲ ಬಂದವು. ಪ್ರೇಮಾತಾಯಿಗೆ 2002ರಲ್ಲಿ ಪದ್ಮಶ್ರೀ ಬಂತು. ಅವರ ಮಗಳು ಡಾ. ಮೇಧಾ ಪುರವ್ ಸಾಮಂತ್ ಬ್ಯಾಂಕಿನ ಅಧಿಕಾರಿ ಹುದ್ದೆ ಬಿಟ್ಟು 1993ರಲ್ಲಿ ಪುಣೆಯ ಕೊಳಚೆ ಪ್ರದೇಶಗಳಲ್ಲಿ ಇದೇ ಬಗೆಯ ಕೆಲಸಕ್ಕೆ ತೊಡಗಿದರು. ಅಲ್ಲಿ ತರಕಾರಿ ಮಾರುವ ಹೆಂಗಸರು, ಮನೆಗೆಲಸದವರು ಸದಸ್ಯರು. ಸಾಲದ ಜತೆಗೆ ವಿಮೆ, ಮಕ್ಕಳ ಪಾಲನಾ ಕೇಂದ್ರವೂ ಸೇರಿಕೊಂಡವು. ಬ್ಯಾಂಕಿನ ಅಧಿಕಾರಿ ಹುದ್ದೆ ಬಿಡುವುದೆಂದರೆ ಏನೆಂದು ಪ್ರಮೋಷನ್ ಪರೀಕ್ಷೆಗೆ ಮೂರು ಸಲ ಕುಳಿತ ನನ್ನಂಥವನಿಗೆ ಗೊತ್ತು.

ಇಷ್ಟೆಲ್ಲ ಬರೆದ ಮೇಲೆ ನನ್ನದೇ ಒಂದು ತಪ್ಪನ್ನೂ ಬರೆಯಬೇಕಾಗಿದೆ. 1996ರ ಮಾತು. ನಮ್ಮ ಶಾಖೆಯ ಎದುರು ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಒಂದು ಮಧ್ಯಾಹ್ನ, ಮುಂದೆ ಉದ್ದ ಸಾಲು ಇರುವಾಗ, ಕೈಮೇಲೆಲ್ಲ ಸಿಮೆಂಟು ಹತ್ತಿದ ಒಬ್ಬ ಹೆಂಗಸು ನನ್ನ ಕೌಂಟರಿಗೆ ಬಂದಳು. ನನ್ನ ಮಾತಿನ ರಾಗದಿಂದ ಕನ್ನಡಿಗನೆಂದು ಗುರುತಿಸಿರಬೇಕು. "ಸಾಹೇಬ್ರ, ನನ್ನ ಹೆಸರಿಗೊಂದು ಖಾತೆ ತೆರೀರಿ. ಗುತ್ತೇದಾರನ ಕಡೆ ರೊಕ್ಕ ಇಟ್ರ ಹೊಳ್ಳಿ ಕೊಡಂಗಿಲ್ರಿ. ನಮ್ಮವರ ಹೆಸರಿಗೆ ಬ್ಯಾಡ್ರಿ" ಎಂದಳು. ಕಲಬುರಗಿ ಕಡೆಯವಳು. ಸೆರಗಿನ ಗಂಟಿನಲ್ಲಿ ಆರುನೂರು ರೂಪಾಯಿ. ರೇಷನ್ ಕಾರ್ಡು ಕೇಳಿದೆ, ಊರಲ್ಲಿದೆ ಎಂದಳು. ಆಗ ಖಾತೆ ತೆರೆಯಲು ಹಳೆಯ ಖಾತೆದಾರರೊಬ್ಬರ ಪರಿಚಯದ ಸಹಿ ಬೇಕಿತ್ತು. "ಯಾರನ್ನಾದರೂ ಕರಕೊಂಡು ಬಾಮ್ಮ" ಎಂದು ಕಳುಹಿಸಿದೆ. ಆ ಸಹಿಯನ್ನು ನಾನೇ ಹಾಕಬಹುದಿತ್ತು. ಸಂಘದವರು ಹೇಳಿದರೆಂದು ಅದೇ ತಿಂಗಳಲ್ಲಿ ಗುರುತಿಲ್ಲದ ಇಬ್ಬರು ಹೋಟೇಲಿನವರಿಗೆ ಹಾಕಿದ್ದೆ. ಅವಳು ಮತ್ತೆ ಬರಲಿಲ್ಲ. ಮಳೆಗಾಲಕ್ಕೆ ಮುಂಚೆ ಕಟ್ಟಡ ಮುಗಿಯಿತು, ತಗಡಿನ ಗುಡಿಸಲುಗಳು ಎದ್ದುಹೋದವು.

ಇವತ್ತು ಅವಳಂಥವಳಿಗೆ ಖಾತೆ ತೆರೆಯುವುದು ಕಷ್ಟವಲ್ಲ. 2014ರಲ್ಲಿ ಜನಧನ್ ಬಂತು, ಆಧಾರ್ ಒಂದಿದ್ದರೆ ಸಾಕು. 2022ರ ಹೊತ್ತಿಗೆ ಎಲ್ಲ ರಾಜ್ಯಗಳೂ ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಗೆ ಸೇರಿದ್ದರಿಂದ ಯಾದಗಿರಿಯ ಕಾರ್ಡಿನ ಅಕ್ಕಿಯನ್ನು ಮುಂಬಯಿಯಲ್ಲಿ ಪಡೆಯಬಹುದು. ವರ್ಷದಲ್ಲಿ 90 ದಿನ ದುಡಿದ, 18ರಿಂದ 60 ವರ್ಷದೊಳಗಿನ ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯ ಹಕ್ಕಿದೆ. ಆದರೆ ಆ 90 ದಿನಕ್ಕೆ ದಾಖಲೆ ಬೇಕು, ಗುತ್ತೇದಾರ ಬರೆದುಕೊಡುವುದಿಲ್ಲ. ಅರ್ಜಿ ಮರಾಠಿಯಲ್ಲಿ. ನವಿಮುಂಬಯಿಯ ನಾಕಾಗಳಲ್ಲಿ ಬೆಳಿಗ್ಗೆ ಬುತ್ತಿ ಹಿಡಿದು ಕೆಲಸಕ್ಕೆ ಕಾಯುವ ವಿಜಯಪುರ, ಕಲಬುರಗಿ, ಯಾದಗಿರಿಯ ಹೆಂಗಸರಿಗೆ ಇದನ್ನೆಲ್ಲ ಕನ್ನಡದಲ್ಲಿ ಹೇಳುವವರಿಲ್ಲ. ನಮ್ಮ ಸಂಘಗಳ ಯಕ್ಷಗಾನ, ಸನ್ಮಾನ, ವಿದ್ಯಾರ್ಥಿವೇತನಗಳ ಪಟ್ಟಿಯಲ್ಲಿ ಅವರ ಹೆಸರು ಕಾಣಿಸುವುದೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ದಿನಸಿ ಕಿಟ್ ಹಂಚುವಾಗ ಒಮ್ಮೆ ಭೇಟಿಯಾದೆವು, ಆಮೇಲೆ ಅವರು ಅವರ ನಾಕಾಕ್ಕೆ, ನಾವು ನಮ್ಮ ಸಭಾಗೃಹಕ್ಕೆ.

ಕಳೆದ ಚಳಿಗಾಲದಿಂದ ನಾವು ಮೂವರು, ಇಬ್ಬರು ನಿವೃತ್ತ ಬ್ಯಾಂಕ್ ನೌಕರರು ಮತ್ತು ಒಬ್ಬ ಶಿಕ್ಷಕಿ, ತಿಂಗಳಿಗೊಂದು ಭಾನುವಾರ ಒಂದು ನಾಕಾಕ್ಕೆ ಹೋಗುತ್ತಿದ್ದೇವೆ. ಮೊದಲ ಎರಡು ಸಲ ಯಾರೂ ಹತ್ತಿರ ಬರಲಿಲ್ಲ. ಕೆಲಸ ಕೊಡುವವರೆಂದು ಓಡಿಬಂದು, ಅರ್ಜಿ ನೋಡಿ ದೂರ ಸರಿದರು. ಮೂರನೇ ಸಲ ಶಿಕ್ಷಕಿಯವರು ತಮ್ಮ ಡಬ್ಬಿ ಬಿಚ್ಚಿ ಅವರ ಜತೆಗೇ ಕುಳಿತು ರೊಟ್ಟಿ ತಿಂದರು. ಅಂದು ಹನ್ನೊಂದು ಮಂದಿ ಹೆಸರು ಬರೆಸಿದರು. ಒಬ್ಬಳಂತೂ, "ಯಕ್ಕಾ, ನಾವು ಹತ್ತು ಮಂದಿ ಕೂಡಿ ಒಬ್ಬರಿಗೊಬ್ಬರು ಜಾಮೀನಾದ್ರ ಸಾಲ ಕೊಡ್ತಾರೇನು?" ಎಂದು ತಾನಾಗಿ ಕೇಳಿದಳು. ಲಾಲ್‌ಬಾಗಿನ ಹದಿನಾಲ್ಕು ಮಂದಿಯ ಸುದ್ದಿ ಅವಳಿಗೆ ಯಾರು ಹೇಳಿದ್ದರು!

ಹನ್ನೊಂದರಲ್ಲಿ ಏಳು ಅರ್ಜಿಗಳು 90 ದಿನದ ದಾಖಲೆಯಿಲ್ಲದೆ ನಿಂತಿವೆ. ಅದಕ್ಕಾಗಿ ಗುತ್ತೇದಾರರ ಬಳಿಗೆ, ಕಚೇರಿಗೆ ಅಲೆಯಬೇಕು. ನಮಗೆ ಮರಾಠಿ ಅರ್ಜಿ ಓದಿ ಕನ್ನಡದಲ್ಲಿ ಹೇಳಬಲ್ಲವರು ಇನ್ನೂ ಇಬ್ಬರು, ವಾರದ ದಿನಗಳಲ್ಲಿ ಬಿಡುವಿರುವವರು ಒಬ್ಬರು ಬೇಕಾಗಿದ್ದಾರೆ. ನಾಕಾ ತುಂಬಿರುವುದು ಬೆಳಿಗ್ಗೆ ಏಳೂವರೆಯಿಂದ ಎಂಟೂವರೆವರೆಗೆ. ಆಮೇಲೆ ಕೆಲಸ ಸಿಕ್ಕವರು ಟೆಂಪೊ ಏರಿ ಹೋಗುತ್ತಾರೆ, ಸಿಗದವರು ಮನೆಗೆ ಹಿಂದಿರುಗುತ್ತಾರೆ.